ಲುಡ್ವಿಗ್ಸ್‌ಬರ್ಗ್‌ನಲ್ಲಿ ತಕದಿಮಿ

1983ರ ಫೆಬ್ರವರಿಯಲ್ಲಿ ಬೆಂಗಳೂರಿನ ನಾಲ್ವರು ಸಂಗೀತಗಾರರು ಜರ್ಮನಿಯ ಲುಡ್ವಿಗ್ಸ್‌ಬರ್ಗ್ ಎಂಬ ಊರಿನ ಬಾವರ್ ಸ್ಟುಡಿಯೋದಲ್ಲಿ ಕೂತು ಒಂದು ಧ್ವನಿಮುದ್ರಿಕೆ ಮಾಡಿದರು. ಹಾಡಿದ್ದು, ತಂಬೂರಿ ಮೀಟಿದ್ದು ಆರ್.ಎ. ರಮಾಮಣಿ. ಮೃದಂಗ ಟಿ.ಎ.ಎಸ್. ಮಣಿ. ಘಟ, ಮೋರ್ಸಿಂಗ್ ಆರ್.ಎ. ರಾಜಗೋಪಾಲ್. ಖಂಜಿರ ಟಿ.ಎನ್. ಶಶಿಕುಮಾರ್. ಅವರ ಜೊತೆ ಸೊಪ್ರಾನೊ ಸ್ಯಾಕ್ಸೊಫೋನ್ ಮತ್ತು ಕೊಳಲು ಹಿಡಿದು ಕೂತಿದ್ದವರು ಅಮೆರಿಕದ ಜಾಝ್ ವಾದಕ ಚಾರ್ಲಿ ಮರಿಯಾನೊ. ಮ್ಯೂನಿಕ್‌ನ ಇಸಿಎಂ ಕಂಪನಿ ಅದನ್ನು 'ಜ್ಯೋತಿ' ಎಂಬ ಹೆಸರಿನಲ್ಲಿ ಹೊರತಂದಿತು. ಮುಖಪುಟದಲ್ಲಿ ಮೊದಲು ಮರಿಯಾನೊ ಹೆಸರು, ಅದರ ಜೊತೆಗೆ 'ದಿ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್'.

ಇಸಿಎಂ ಅಂದರೆ ಆ ಕಾಲದ ಯುರೋಪಿನ ಜಾಝ್ ರಸಿಕರಿಗೆ ಕಣ್ಣಿಗೊತ್ತಿಕೊಳ್ಳುವಂಥ ಹೆಸರು. ಮಾನ್‌ಫ್ರೆಡ್ ಐಶರ್ 1969ರಲ್ಲಿ ಕಟ್ಟಿದ ಕಂಪನಿ ಅದು. ಅಂಥ ಕಡೆ 'ಕರ್ನಾಟಕ' ಎಂಬ ಪದ ಅಚ್ಚಾದಾಗ, ನಮ್ಮ ರಾಜ್ಯಕ್ಕೆ ಆ ಹೆಸರು ಬಂದು ಇನ್ನೂ ಹತ್ತು ವರ್ಷ ಆಗಿತ್ತಷ್ಟೆ. ಈ ಕಾಲೇಜಿನ ಹೆಸರಾದರೋ ಅದಕ್ಕೂ ಹಳೆಯದು. ಮೈಸೂರು ರಾಜ್ಯವಿದ್ದಾಗಲೇ, 1964ರಲ್ಲಿ, ಕೆ. ರಾಘವೇಂದ್ರ ಅವರು ಬೆಂಗಳೂರಿನಲ್ಲಿ ಇದನ್ನು ಶುರು ಮಾಡಿದ್ದರು. ಮುಂದೆ ಇದನ್ನು ನಡೆಸಿ ಲೋಕಕ್ಕೆ ಪರಿಚಯಿಸಿದವರು ಮಣಿ ಮತ್ತು ಅವರ ಪತ್ನಿ ರಮಾಮಣಿ.

ನಾನಿರುವ ಕುಂದಲಹಳ್ಳಿಯಲ್ಲಿ ಜರ್ಮನಿ ಅಂದರೆ ಯಾರಿಗಾದರೂ ಮೊದಲು ನೆನಪಾಗುವುದು ಎಸ್‌ಎಪಿ. ಆ ಕಂಪನಿಯ ದೊಡ್ಡ ಕ್ಯಾಂಪಸ್ ಇಲ್ಲೇ ಇದೆ. ಎಸ್‌ಎಪಿ ಲ್ಯಾಬ್ಸ್ ಬೆಂಗಳೂರಿಗೆ ಬಂದದ್ದು 1998ರಲ್ಲಿ. ಕುಂದಲಹಳ್ಳಿ ಗೇಟಿನ ಟ್ರಾಫಿಕ್ಕಿನಲ್ಲಿ ನಿಂತವರ ಪೈಕಿ ಜರ್ಮನ್ ಕ್ಲಾಸಿಗೆ ಹೋಗುವ ಹುಡುಗ ಹುಡುಗಿಯರು ಎಷ್ಟೋ ಮಂದಿ ಇರುತ್ತಾರೆ. ಅವರನ್ನು ಕೇಳಿದರೆ ಬೆಂಗಳೂರಿಗೂ ಜರ್ಮನಿಗೂ ನಂಟು ಬೆಳೆದದ್ದು ಸಾಫ್ಟ್‌ವೇರಿನಿಂದ ಅನ್ನುತ್ತಾರೆ. ಸ್ವಲ್ಪ ಹಿರಿಯರು ಆಡುಗೋಡಿಯ ಮೈಕೋ ಕಾರ್ಖಾನೆಯನ್ನು ನೆನೆಯುತ್ತಾರೆ. ಇವೆರಡರ ನಡುವೆ ತಾಳದ ಮೂಲಕ ಬೆಳೆದ ಇನ್ನೊಂದು ನಂಟಿತ್ತು. ಅದರಲ್ಲಿ ಕಲಿಸುವವರ ಜಾಗದಲ್ಲಿ ನಮ್ಮವರೇ ಕೂತಿದ್ದರು. ಈ ಬರಹ ಅದರ ಬಗ್ಗೆ.

*

ಜರ್ಮನಿ ಭಾರತದ ಸಂಗೀತದ ಕಡೆ ಏಕೆ ತಿರುಗಿತು ಎಂದು ತಿಳಿಯಬೇಕಾದರೆ, ಆ ದೇಶದಲ್ಲಿ ಜಾಝ್ ಪಟ್ಟ ಪಾಡನ್ನು ಒಂದಿಷ್ಟು ನೋಡಬೇಕು. ಜಾಝ್ ಹುಟ್ಟಿದ್ದು ಅಮೆರಿಕದ ಕರಿಯರ ನಡುವೆ. ಆದರೆ ಅದನ್ನು ಒಂದು ಪಠ್ಯವಿಷಯವಾಗಿ ಸಂಗೀತ ಶಾಲೆಯೊಳಗೆ ಮೊದಲು ತಂದ ಊರು ಜರ್ಮನಿಯ ಫ್ರಾಂಕ್‌ಫರ್ಟ್. ಅಲ್ಲಿನ ಹೋಖ್ ಕನ್ಸರ್ವೇಟರಿಯ ನಿರ್ದೇಶಕ ಬರ್ನ್‌ಹಾರ್ಡ್ ಸೆಕ್ಲೆಸ್ 1928ರಲ್ಲಿ ಜಾಝ್ ತರಗತಿ ತೆರೆದರು. ಪಾಠದ ಹೊಣೆಯನ್ನು ಹಂಗೇರಿಯ ಸಂಯೋಜಕ ಮಾತ್ಯಾಶ್ ಸೈಬರ್ ಅವರಿಗೆ ಕೊಟ್ಟರು. ಪಂಡಿತ ವಲಯದಲ್ಲಿ ಗಲಾಟೆಯೆದ್ದಿತು. ಐದೇ ವರ್ಷ. 1933ರಲ್ಲಿ ನಾತ್ಸಿಗಳು ಅಧಿಕಾರಕ್ಕೆ ಬಂದು ತರಗತಿಯನ್ನು ಮುಚ್ಚಿಸಿದರು. ಯಹೂದಿಯಾಗಿದ್ದ ಸೆಕ್ಲೆಸ್ ಕೆಲಸ ಕಳೆದುಕೊಂಡರು.

ಯುದ್ಧ ಮುಗಿದ ಮೇಲೆ ಜಾಝ್ ಮತ್ತೆ ಬಂತು, ಈ ಸಲ ಅಮೆರಿಕದ ಸೈನಿಕರ ರೇಡಿಯೋ ಮತ್ತು ಕ್ಲಬ್ಬುಗಳ ಮೂಲಕ. 1950ರ ದಶಕದ ಜರ್ಮನ್ ವಾದಕರು ಅಮೆರಿಕದವರ ಹಾಗೆಯೇ ನುಡಿಸಲು ಕಲಿತರು, ಚೆನ್ನಾಗಿಯೇ ಕಲಿತರು. ಅರವತ್ತರ ದಶಕದಲ್ಲಿ ಅವರಿಗೆ ಆ ಅನುಕರಣೆ ಸಾಕೆನಿಸಿತು. ಬೇರೆ ದಾರಿ ಬೇಕಿತ್ತು. ಆಗ ಯೋಆಕಿಂ-ಎರ್ನ್‌ಸ್ಟ್ ಬೆರೆಂಟ್ ಎಂಬ ವಿಮರ್ಶಕ ಜಗತ್ತಿನ ಬೇರೆ ಬೇರೆ ಸಂಗೀತಗಳ ಎದುರು ಜಾಝ್ ವಾದಕರನ್ನು ಕೂರಿಸುವ ಒಂದು ಧ್ವನಿಮುದ್ರಿಕೆ ಮಾಲೆಯನ್ನೇ ರೂಪಿಸಿದರು. 1967ರ 'ಜಾಝ್ ಮೀಟ್ಸ್ ಇಂಡಿಯಾ' ಆ ಮಾಲೆಯದು. ಅದರಲ್ಲಿ ಒಂದು ಕಡೆ ಸ್ವಿಟ್ಜರ್ಲೆಂಡಿನ ಪಿಯಾನೊ ವಾದಕಿ ಇರೇನ್ ಶ್ವೈಟ್ಸರ್ ಅವರ ತಂಡ, ಇನ್ನೊಂದು ಕಡೆ ಸಿತಾರಿನ ದೇವನ್ ಮೋಟಿಹಾರ್, ತಬಲದ ಕೇಶವ ಸಾಠೆ.

ಆ ಧ್ವನಿಮುದ್ರಿಕೆಯನ್ನು ಈಗ ಕೇಳಿದರೆ ಅದರ ಹುರುಪಿನ ಜೊತೆಗೆ ಒಂದು ತೊಡಕೂ ಕಿವಿಗೆ ಬೀಳುತ್ತದೆ. ಎರಡು ತಂಡಗಳು ಸರದಿಯ ಮೇಲೆ ನುಡಿಸುತ್ತವೆ, ಕೆಲವೊಮ್ಮೆ ಒಟ್ಟಿಗೆ. ಆದರೂ ಒಬ್ಬರ ಲೆಕ್ಕ ಇನ್ನೊಬ್ಬರದಾಗುವುದಿಲ್ಲ. ಬೀಗರ ಮನೆಗೆ ಮೊದಲ ಸಲ ಬಂದವರ ಹಾಗೆ ಮರ್ಯಾದೆ ಇದೆ, ಸಲುಗೆ ಇಲ್ಲ.

ಆ ತೊಡಕಿಗೆ ಪಿಯಾನೊ ಕೂಡ ಒಂದು ಕಾರಣ. ಪಿಯಾನೊದಲ್ಲಿ ಒಂದು ಸ್ಥಾಯಿಗೆ ಹನ್ನೆರಡು ಕೀ. ಶ್ರುತಿ ಮಾಡುವವರು ಒಮ್ಮೆ ಬಿಗಿಸಿ ಹೋದರೆ ಆ ಹನ್ನೆರಡು ಸ್ವರಗಳೂ ಅಲ್ಲಿಯೇ ಗಟ್ಟಿ. ಒಂದರಿಂದ ಇನ್ನೊಂದಕ್ಕೆ ಜಾರಿಸಲು, ಎಳೆಯಲು ದಾರಿಯಿಲ್ಲ. ಕರ್ನಾಟಕ ಸಂಗೀತದ ಜೀವವಾದರೋ ಗಮಕದಲ್ಲಿದೆ. ತೋಡಿಯ ಗಾಂಧಾರ ಒಂದು ಜಾಗದಲ್ಲಿ ನಿಲ್ಲುವ ಸ್ವರವೇ ಅಲ್ಲ, ಅದೊಂದು ತೂಗಾಟ. ಕೀ ಒತ್ತಿ ಆ ತೂಗಾಟವನ್ನು ಹುಟ್ಟಿಸಲಾಗದು. ಹಾರ್ಮೋನಿಯಂ ಬಗ್ಗೆ ನಮ್ಮ ವಿದ್ವಾಂಸರು ಎತ್ತಿದ ತಕರಾರೇ ಇದು. ಅದರ ಮೇಲೆ ಪಿಯಾನೊ ವಾದಕರ ಎಡಗೈ ಕಾರ್ಡುಗಳನ್ನು ಹಾಕುತ್ತದೆ; ನಮ್ಮ ರಾಗಕ್ಕೆ ಕಾರ್ಡಿನ ಹಂಗಿಲ್ಲ. ಮೂರು ನಾಲ್ಕು ಸ್ವರಗಳು ಒಟ್ಟಿಗೆ ಮೊಳಗಿದರೆ ರಾಗದ ಮುಖವೇ ಬೇರೆಯಾಗುತ್ತದೆ.

ಈ ಗೋಡೆಯಲ್ಲಿ ಒಂದು ಕಿಂಡಿ ಆಗಲೇ ತೆರೆದಿತ್ತು. ಮೈಲ್ಸ್ ಡೇವಿಸ್ 1959ರಲ್ಲಿ ಮಾಡಿದ 'ಕೈಂಡ್ ಆಫ್ ಬ್ಲೂ'ದಲ್ಲಿ ಕಾರ್ಡುಗಳ ಓಟವನ್ನು ಕಡಿಮೆ ಮಾಡಿ, ಒಂದೇ ಸ್ವರಶ್ರೇಣಿಯಲ್ಲಿ ಬಹಳ ಹೊತ್ತು ನಿಲ್ಲುವ ಬಗೆಯನ್ನು ತೋರಿಸಿದ್ದರು. ಅದರ ಪಿಯಾನೊ ಹೆಚ್ಚಾಗಿ ಬಿಲ್ ಇವಾನ್ಸ್ ಅವರದು. ತೆಳುವಾದ, ಜಾಗ ಬಿಟ್ಟುಕೊಡುವ ಕೈ. ಆ ದಾರಿಯಲ್ಲಿ ಬಂದ ಯುರೋಪಿನ ವಾದಕರಿಗೆ ರಾಗ ತೀರ ಅಪರಿಚಿತವಾಗಿ ಕೇಳಲಿಲ್ಲ. ಹಾಗಿದ್ದರೂ ರಾಗದಲ್ಲಿ ಅವರು ಅತಿಥಿಗಳೇ. ನಿಜವಾಗಿ ಒಟ್ಟಿಗೆ ಕೂರಬಹುದಾದ ಜಾಗ ಇನ್ನೊಂದಿತ್ತು. ಅದು ತಾಳ.

*

ಜಾಝ್‌ನಲ್ಲಿ ಒಂದು ಹಾಡಿನ ಚೌಕಟ್ಟು ಸುತ್ತಿ ಸುತ್ತಿ ಬರುತ್ತದೆ. ಬ್ಲೂಸ್ ಆದರೆ ಹನ್ನೆರಡು ಬಾರ್, ಹಳೆಯ ಹಾಡುಗಳಾದರೆ ಹೆಚ್ಚಾಗಿ ಮೂವತ್ತೆರಡು ಬಾರ್. ವಾದಕ ಎಷ್ಟೇ ದೂರ ಹೋಗಲಿ, ಸುತ್ತು ಎಲ್ಲಿದೆ ಎಂಬ ಎಚ್ಚರ ಒಳಗೆ ಇರಲೇಬೇಕು. ನಮ್ಮ ಆವರ್ತನವೂ ಹಾಗೆಯೇ. ಆದಿತಾಳದಲ್ಲಿ ಎಂಟು ಅಕ್ಷರ, ಒಂದೊಂದಕ್ಕೆ ನಾಲ್ಕು ಮಾತ್ರೆ, ಒಟ್ಟು ಮೂವತ್ತೆರಡು. ಮೃದಂಗದವರು ಮುಕ್ತಾಯಕ್ಕೆ ಒಂದು ಮೋರ ಹಾಕುತ್ತಾರೆ ಅನ್ನಿ. 'ತದಿಗಿಣತೋಂ' ಎಂಬ ಐದು ಮಾತ್ರೆಯ ಸೊಲ್ಲು ಮೂರು ಸಲ, ನಡುವೆ ಎರಡೆರಡು ಮಾತ್ರೆಯ ವಿರಾಮ. ಐದು, ಎರಡು, ಐದು, ಎರಡು, ಐದು: ಒಟ್ಟು ಹತ್ತೊಂಬತ್ತು. ಮೂವತ್ತೆರಡರಲ್ಲಿ ಹತ್ತೊಂಬತ್ತು ಹೋದರೆ ಹದಿಮೂರು. ಅಂದರೆ ಹದಿಮೂರು ಮಾತ್ರೆ ಮಾಮೂಲಿ ನಡೆಯಲ್ಲಿ ಸಾಗಿ, ಹದಿನಾಲ್ಕನೆಯ ಮಾತ್ರೆಯಲ್ಲಿ ಮೋರ ಎತ್ತಿಕೊಂಡರೆ ಅದು ಮುಗಿದ ಕೂಡಲೇ ಸಮ. ಈ ಲೆಕ್ಕವನ್ನು ಕಾಗದದ ಮೇಲೆ ಮಾಡುವುದು ಸುಲಭ. ಬೆರಳು ಓಡುತ್ತಿರುವಾಗ, ಎದುರಿನವರು ಬೇರೆ ಏನನ್ನೋ ನುಡಿಸುತ್ತಿರುವಾಗ ಮಾಡುವುದೇ ವಿದ್ಯೆ.

ಈ ವಿದ್ಯೆಯನ್ನು ಕಲಿಸಲು ವಾದ್ಯವೇ ಬೇಡ ಎಂಬುದು ನಮ್ಮ ಪದ್ಧತಿಯ ದೊಡ್ಡ ಅನುಕೂಲ. ಬಾಯಲ್ಲಿ ಸೊಲ್ಲು, ಕೈಯಲ್ಲಿ ತಾಳ. ಮೂರಕ್ಕೆ ತಕಿಟ, ನಾಲ್ಕಕ್ಕೆ ತಕದಿಮಿ, ಐದಕ್ಕೆ ತಕತಕಿಟ, ಏಳಕ್ಕೆ ತಕಿಟತಕದಿಮಿ. ಸ್ಯಾಕ್ಸೊಫೋನಿನವರಾಗಲಿ, ಡ್ರಮ್ಮಿನವರಾಗಲಿ, ಪಿಯಾನೊದವರಾಗಲಿ, ಬಾಯಲ್ಲಿ ಬಂದದ್ದು ವಾದ್ಯಕ್ಕೆ ಇಳಿಯುತ್ತದೆ. ಪಿಯಾನೊದ ಒಳಗೆ ತಂತಿಗಳನ್ನು ಬಡಿಯುವುದು ಸುತ್ತಿಗೆಗಳೇ ತಾನೆ. ಗಮಕಕ್ಕೆ ಬಗ್ಗದ ಆ ವಾದ್ಯ ಸೊಲ್ಲಿಗೆ ಸಲೀಸಾಗಿ ಬಗ್ಗುತ್ತದೆ.

ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ನಿನ ಮಹತ್ವ ಇರುವುದು ಇಲ್ಲಿ ಎಂದು ನನ್ನ ಎಣಿಕೆ. ಅದು ಮೊದಲು ಒಂದು ಪಾಠಶಾಲೆ, ಆಮೇಲೆ ವಾದ್ಯವೃಂದ. ಹೊರಗಿನಿಂದ ಬಂದವರಿಗೆ ಅದು ಕಚೇರಿಯ ವೇದಿಕೆಯನ್ನು ತೋರಿಸುವುದಕ್ಕಿಂತ ಮುಂಚೆ ಚಾಪೆ ತೋರಿಸುತ್ತಿತ್ತು. ರಮೇಶ್ ಶೋಥಮ್ ಅವರ ಉದಾಹರಣೆ ನೋಡಿ. ಮದರಾಸಿನಲ್ಲಿ ಹುಟ್ಟಿ, ಎಪ್ಪತ್ತರ ದಶಕದಲ್ಲಿ ಬೆಂಗಳೂರಿನ 'ಹ್ಯೂಮನ್ ಬಾಂಡೇಜ್' ರಾಕ್ ತಂಡದಲ್ಲಿ ಡ್ರಮ್ ಬಾರಿಸುತ್ತಿದ್ದವರು ಅವರು. ಅವರು ಈ ಕಾಲೇಜಿಗೆ ಬಂದು ಕಲಿತದ್ದು ತವಿಲ್. ಎಂಬತ್ತರ ದಶಕದಲ್ಲಿ ಜರ್ಮನಿಗೆ ಹೋಗಿ, ಕೊಲೋನ್‌ನಲ್ಲಿ ನೆಲೆನಿಂತು, ಯುರೋಪಿನ ಜಾಝ್ ವಾದಕರ ನಡುವೆ ದೊಡ್ಡ ಹೆಸರಾದರು. ರಾಕ್ ಬಾರಿಸುವ ಹುಡುಗನಿಗೆ ದೇವಸ್ಥಾನದ ಮಂಗಳವಾದ್ಯವನ್ನು ಹೇಳಿಕೊಡುವ ಶಾಲೆ ಆ ಕಾಲದಲ್ಲಿ ಎಷ್ಟಿದ್ದಾವು?

*

ಮರಿಯಾನೊ ಈ ಚಾಪೆಯ ಮೇಲೆ ಕೂತದ್ದು ಮೇಷ್ಟರಾಗಿ ಹೆಸರು ಮಾಡಿದ ಮೇಲೆ. 1923ರಲ್ಲಿ ಬಾಸ್ಟನ್‌ನಲ್ಲಿ, ಇಟಲಿಯಿಂದ ವಲಸೆ ಬಂದವರ ಮಗನಾಗಿ ಹುಟ್ಟಿದವರು. ಬರ್ಕ್ಲೀ ಸಂಗೀತ ಶಾಲೆಯಲ್ಲಿ ಕಲಿತು ಅಲ್ಲಿಯೇ ಪಾಠ ಮಾಡಿದರು. ಚಾರ್ಲ್ಸ್ ಮಿಂಗಸ್ ಅವರ 1963ರ 'ದಿ ಬ್ಲ್ಯಾಕ್ ಸೇಂಟ್ ಅಂಡ್ ದಿ ಸಿನ್ನರ್ ಲೇಡಿ'ಯಲ್ಲಿ ಅವರ ಸ್ಯಾಕ್ಸೊಫೋನ್ ಇದೆ. ಅರವತ್ತರ ದಶಕದಲ್ಲಿ ಮಲೇಷ್ಯಾಕ್ಕೆ ಹೋದಾಗ ಅಲ್ಲಿನ ತಮಿಳರ ನಡುವೆ ನಾಗಸ್ವರ ಕೇಳಿದರು. ಆಮೇಲೆ ದಕ್ಷಿಣ ಭಾರತಕ್ಕೆ ಬಂದು ಅದನ್ನು ಅಭ್ಯಾಸ ಮಾಡಿದರು; 1976ರ ಅವರ 'ಹೆಲೆನ್ 12 ಟ್ರೀಸ್' ಧ್ವನಿಮುದ್ರಿಕೆಯಲ್ಲಿ ನಾಗಸ್ವರವನ್ನೂ ನುಡಿಸಿದ್ದಾರೆ. ನಡುವಯಸ್ಸು ದಾಟಿದ ಮೇಲೆ, ತನ್ನ ವಾದ್ಯದಲ್ಲಿ ಹೆಸರು ಮಾಡಿದ ಮೇಲೆ, ಮತ್ತೆ ಸರಳೆಯಿಂದ ಶುರು ಮಾಡುವ ಧೈರ್ಯ ಎಲ್ಲರಿಗೂ ಬರುವುದಿಲ್ಲ.

ಅವರ ಉತ್ತರಾರ್ಧ ಕಳೆದದ್ದು ಯುರೋಪಿನಲ್ಲಿ. ಸ್ಟುಟ್‌ಗಾರ್ಟ್‌ನ ಪಿಯಾನೊ ವಾದಕ, ಸಂಯೋಜಕ ವೋಲ್ಫ್‌ಗಾಂಗ್ ಡೌನರ್ ಮುಂದಾಳಾಗಿದ್ದ 'ಯುನೈಟೆಡ್ ಜಾಝ್ ಅಂಡ್ ರಾಕ್ ಆನ್ಸಾಂಬಲ್'ನಲ್ಲಿ ಮರಿಯಾನೊ ಇದ್ದರು. ಟಿವಿಯ ಒಂದು ಯುವಜನರ ಕಾರ್ಯಕ್ರಮಕ್ಕಾಗಿ ಹುಟ್ಟಿದ ಆ ತಂಡ ಜರ್ಮನಿಯಲ್ಲಿ ಬಹಳ ಜನಪ್ರಿಯವಾಯಿತು. ಅದರ ಸದಸ್ಯರು ದೊಡ್ಡ ಕಂಪನಿಗಳನ್ನು ಕಾಯದೆ 'ಮೂಡ್' ಎಂಬ ತಮ್ಮದೇ ಧ್ವನಿಮುದ್ರಿಕೆ ಸಂಸ್ಥೆಯನ್ನು ಕಟ್ಟಿಕೊಂಡರು. ಜರ್ಮನಿಯಲ್ಲಿ ಆಗ ಅಂಥ ಸಾಹಸಕ್ಕೆ ನೆಲ ಹದವಾಗಿತ್ತು. ಹಲವು ಪ್ರಾಂತಗಳ ರೇಡಿಯೋಗಳಿಗೆ ಸಂಬಳ ಕೊಟ್ಟು ಸಾಕುವ ಬಿಗ್ ಬ್ಯಾಂಡ್, ಊರೂರಿಗೆ ಜಾಝ್ ಕ್ಲಬ್, ಹೊರದೇಶಗಳಲ್ಲಿ ಗಯಟೆ ಇನ್‌ಸ್ಟಿಟ್ಯೂಟ್. ನಮ್ಮಲ್ಲಿ ಅದನ್ನು ಮ್ಯಾಕ್ಸ್ ಮುಲ್ಲರ್ ಭವನ ಎನ್ನುತ್ತೇವೆ.

ಅದೇ ಹೊತ್ತಿಗೆ ಮ್ಯೂನಿಕ್‌ನಿಂದ ಇನ್ನೊಂದು ತಂಡ ಹೊರಟಿತು. ಕ್ರಿಸ್ಟಿಯಾನ್ ಬುರ್ಕಾರ್ಡ್ 1969ರಲ್ಲಿ ಕಟ್ಟಿದ 'ಎಂಬ್ರಿಯೊ' ತಂಡದವರು 1978–79ರಲ್ಲಿ ಇರಾನ್, ಅಫಘಾನಿಸ್ತಾನಗಳನ್ನು ಹಾದು ರಸ್ತೆಯ ಮೇಲೆಯೇ ಭಾರತಕ್ಕೆ ಬಂದರು. ಈ ಪಯಣದ ಮೇಲೆ ವೆರ್ನರ್ ಪೆಂಟ್ಸೆಲ್ ಒಂದು ಚಿತ್ರವನ್ನೇ ಮಾಡಿದ್ದಾರೆ. ಆ ನಂಟಿನಿಂದ 1980ರಲ್ಲಿ ಎಂಬ್ರಿಯೊ, ಮರಿಯಾನೊ ಮತ್ತು ಕರ್ನಾಟಕ ಕಾಲೇಜ್ ಸೇರಿದ 'ಲೈಫ್' ಧ್ವನಿಮುದ್ರಿಕೆ ಬಂತು. ಎಂಬ್ರಿಯೊದಿಂದ ಹೊರಬಂದ ಕೆಲವರು ಕಟ್ಟಿದ 'ಡಿಸಿಡೆಂಟೆನ್' ತಂಡ 1982ರ 'ಜರ್ಮನಿಸ್ತಾನ್' ಧ್ವನಿಮುದ್ರಿಕೆಯಲ್ಲಿ ಮತ್ತೆ ಬೆಂಗಳೂರಿನವರನ್ನೇ ಜೊತೆ ಮಾಡಿಕೊಂಡಿತು. ಅದರ ಮರುವರ್ಷವೇ 'ಜ್ಯೋತಿ'.

'ಜ್ಯೋತಿ'ಯಲ್ಲಿ ಪಿಯಾನೊ ಇಲ್ಲ, ಡ್ರಮ್ ಇಲ್ಲ, ಬೇಸ್ ಇಲ್ಲ. ತನ್ನ ಕಡೆಯ ಸೈನ್ಯವನ್ನೆಲ್ಲ ಬಿಟ್ಟು ಮರಿಯಾನೊ ಒಬ್ಬರೇ ಬಂದಿದ್ದಾರೆ. ಮೊದಲ ಭಾಗದಲ್ಲಿ ರಮಾಮಣಿಯವರ ದನಿ ಒಂಟಿಯಾಗಿಯೇ ಕೇಳುತ್ತದೆ. 1967ರ ಸರದಿಯಾಟ ಇಲ್ಲಿಲ್ಲ. ತಾಳದ ನೆಲ ನಮ್ಮದು, ಅದರ ಮೇಲೆ ಸ್ಯಾಕ್ಸೊಫೋನ್ ತನ್ನ ಹೆಜ್ಜೆಯನ್ನು ಲೆಕ್ಕವಿಟ್ಟು ಇಡುತ್ತದೆ. ಎರಡು ಧ್ವನಿಮುದ್ರಿಕೆಗಳನ್ನೂ ಒಂದೇ ಸಂಜೆ ಕೇಳಿ ನೋಡಿ. ಹದಿನಾರು ವರ್ಷಗಳಲ್ಲಿ ಬದಲಾದದ್ದು ಏನು ಎಂದರೆ, ಒಂದು ಪಕ್ಷ ಪಾಠ ಹೇಳಿಸಿಕೊಂಡಿತ್ತು.

*

ಪಿಯಾನೊ ಮರಳಿ ಬಂದದ್ದು ಬೇರೆ ಬಾಗಿಲಿನಿಂದ. ಡಾರ್ಜಿಲಿಂಗಿನಲ್ಲಿ ಹುಟ್ಟಿ ಭಾರತದ ಜಾಝ್‌ನ ದೊಡ್ಡ ಹೆಸರಾದ ಪಿಯಾನೊ ವಾದಕ ಲೂಯಿಸ್ ಬ್ಯಾಂಕ್ಸ್ ಅವರು ರಮಾಮಣಿಯವರನ್ನು ಸೇರಿಸಿಕೊಂಡು 'ಸಂಗಮ' ತಂಡ ಕಟ್ಟಿದರು; ಅದು ಯುರೋಪಿನ ಜಾಝ್ ಉತ್ಸವಗಳಲ್ಲಿ ನುಡಿಸಿತು. ತೊಂಬತ್ತರ ದಶಕದ ಕೊನೆಯ ಹೊತ್ತಿಗೆ ಜರ್ಮನಿಯ ಪಿಯಾನೊ ವಾದಕ, ಸಂಯೋಜಕ ಮೈಕ್ ಹೆರ್ಟಿಂಗ್ ಅವರು ಮರಿಯಾನೊ ಮತ್ತು ಬೆಂಗಳೂರಿನ ತಂಡದ ಜೊತೆಗೂಡಿದರು. ಕೊಲೋನ್ ರೇಡಿಯೋದ ಡಬ್ಲ್ಯೂಡಿಆರ್ ಬಿಗ್ ಬ್ಯಾಂಡಿನೊಡನೆ ಆದ ಅವರ ಕೆಲಸದ ಹೆಸರೇ 'ಸ್ಕೆಚಸ್ ಆಫ್ ಬ್ಯಾಂಗಲೋರ್'.

ಬಿಗ್ ಬ್ಯಾಂಡ್ ಅಂದರೆ ತುತ್ತೂರಿ, ಟ್ರೊಂಬೋನ್, ಸ್ಯಾಕ್ಸೊಫೋನುಗಳ ಸಾಲು ಸಾಲು. ಅಷ್ಟು ಜನ ಮನೋಧರ್ಮದ ಮೇಲೆ ನುಡಿಸಿದರೆ ಸಂತೆಯಾಗುತ್ತದೆ. ಅವರ ಮುಂದೆ ಬರೆದ ಕಾಗದ ಇರಲೇಬೇಕು. ಮಣಿಯವರ ಕಡೆಯ ವಿದ್ಯೆ ಬಾಯಿಂದ ಬಾಯಿಗೆ ಬಂದದ್ದು. ಕಾಗದ ಅಲ್ಲಿ ಎರಡನೆಯ ಮಾತು. ಬಾಯಿಪಾಠವನ್ನು ಅದರ ಜೀವ ಹೋಗದ ಹಾಗೆ ಕಾಗದಕ್ಕೆ ಇಳಿಸುವುದು, ಇಪ್ಪತ್ತು ಜನ ಒಂದೇ ಸಮದ ಮೇಲೆ ಬಂದು ಬೀಳುವ ಹಾಗೆ ಮಾಡುವುದು, ಇಂಥ ತಂಡದಲ್ಲಿ ಸಂಯೋಜಕನ ಪಾಲಿನ ಕೆಲಸ. ಜರ್ಮನಿಯ ಜಾಝ್ ಜಗತ್ತಿನಲ್ಲಿ ಪಿಯಾನೊ ವಾದಕ, ಸಂಯೋಜಕ, ಶಿಕ್ಷಕ ಎಂಬ ಮೂರು ಕಸುಬುಗಳು ಒಬ್ಬರಲ್ಲೇ ಸೇರುವುದು ಮಾಮೂಲು. ಬೆಂಗಳೂರಿನ ಕಡೆ ಆ ಮೂರನ್ನೂ ಒಟ್ಟಿಗೆ ಹೊತ್ತವರು ರಮಾಮಣಿ: ಹಾಡಿದರು, ರಚಿಸಿದರು, ಕಲಿಸಿದರು. ಅವರನ್ನು 'ಜಾಝ್ ತಂಡದಲ್ಲಿ ಹಾಡಿದ ಗಾಯಕಿ' ಎಂದಷ್ಟೇ ಪರಿಚಯಿಸುವುದು ಅಳತೆಗೆ ಚಿಕ್ಕದಾದ ಅಂಗಿ ತೊಡಿಸಿದ ಹಾಗೆ.

*

ಇಷ್ಟೆಲ್ಲ ನಡೆದರೂ ನಾನು ಓದಿರುವ ಕನ್ನಡದ ಸಂಗೀತ ಚರಿತ್ರೆಗಳಲ್ಲಿ ಈ ಅಧ್ಯಾಯಕ್ಕೆ ಜಾಗವೇ ಇಲ್ಲ. ಯಾಕೆ?

ನಮ್ಮ ಸಂಗೀತ ಚರಿತ್ರೆ ಗಾಯಕರನ್ನು, ವೀಣೆ ಪಿಟೀಲಿನವರನ್ನು ಹಿಡಿದು ಸಾಗುತ್ತದೆ. ಮೃದಂಗ ಪಕ್ಕವಾದ್ಯ. ಘಟ, ಖಂಜಿರ, ಮೋರ್ಸಿಂಗ್ ಉಪಪಕ್ಕವಾದ್ಯ. ಮೂರು ಗಂಟೆಯ ಕಚೇರಿಯಲ್ಲಿ ಅವರ ಪಾಲಿಗೆ ಬರುವುದು ತನಿ ಆವರ್ತನದ ಹತ್ತು ಹದಿನೈದು ನಿಮಿಷ. ಆ ಹೊತ್ತಿಗೆ ಸಭಾಂಗಣದ ಅರ್ಧ ಜನ ಕಾಫಿಗೆ ಎದ್ದಿರುತ್ತಾರೆ. ತಾಳವಾದ್ಯ ಕಚೇರಿ ಎಂಬುದು ಉತ್ಸವಗಳ ನಡುವೆ ಎಲ್ಲೋ ಒಂದು. ಅದೇ ವಾದ್ಯಗಳು ಜರ್ಮನಿಯ ವೇದಿಕೆಯಲ್ಲಿ ಇಡೀ ಸಂಜೆಯ ಮುಖ್ಯ ಸಂಗೀತವಾದವು. ಅಲ್ಲಿ ಸಿಕ್ಕ ಮರ್ಯಾದೆ ಇಲ್ಲಿನ ಪಟ್ಟಿಯಲ್ಲಿ ಸೇರಲಿಲ್ಲ, ಏಕೆಂದರೆ ಇಲ್ಲಿನ ಪಟ್ಟಿಯಲ್ಲಿ ಆ ಸಾಲೇ ಇರಲಿಲ್ಲ.

ಹೊರಗಿನ ಪಟ್ಟಿಯೂ ಅನ್ಯಾಯ ಮಾಡಿತು. 1987ರಲ್ಲಿ ಲಂಡನ್ನಿನ ಒಂದು ಪಬ್ಬಿನಲ್ಲಿ ಸೇರಿದ ಕೆಲವು ಧ್ವನಿಮುದ್ರಿಕೆ ಕಂಪನಿಗಳವರು ಅಂಗಡಿಯ ಕಪಾಟಿಗೆ ಒಂದು ಹೆಸರು ಬೇಕೆಂದು 'ವರ್ಲ್ಡ್ ಮ್ಯೂಸಿಕ್' ಎಂಬ ಚೀಟಿ ಅಂಟಿಸಿದರು. ಮರಿಯಾನೊ ಹೋಗಿ ಕೂತದ್ದು ಜಾಝ್ ಕಪಾಟಿನಲ್ಲಿ. ಅವರಿಗೆ ಲೆಕ್ಕ ಕಲಿಸಿದವರಿಗೆ ಸಿಕ್ಕಿದ್ದು ಹಾಡು, ಕುಣಿತ, ಹಬ್ಬದ ಸದ್ದು ಎಲ್ಲವನ್ನೂ ಒಟ್ಟಿಗೆ ತುಂಬಿದ ಇನ್ನೊಂದು ಕಪಾಟು. ಇಂದಿಗೂ ಧ್ವನಿಮುದ್ರಿಕೆ ಪಟ್ಟಿಗಳಲ್ಲಿ 'ಜ್ಯೋತಿ' ಹುಡುಕಬೇಕಾದರೆ ಮರಿಯಾನೊ ಹೆಸರಿನ ಕೆಳಗೆ ಹುಡುಕುವುದೇ ಸುಲಭ. ಮರಿಯಾನೊ ಮೋಸ ಮಾಡಿದರು ಎಂದು ನಾನು ಹೇಳುತ್ತಿಲ್ಲ. ಅವರ ಹೆಸರಿಲ್ಲದಿದ್ದರೆ ಆ ಬಾಗಿಲೇ ತೆರೆಯುತ್ತಿರಲಿಲ್ಲ. ಆದರೆ ಬಾಗಿಲು ತೆರೆದವರ ಹೆಸರಿನ ಜೊತೆ, ಒಳಗೆ ಹೊತ್ತು ತಂದ ಸಾಮಾನು ಯಾರದು ಎಂಬುದನ್ನೂ ಬರೆದಿಡಬೇಕು.

ಬರೆದಿಡುವ ಕೆಲಸಕ್ಕೆ ಕಾಲ ತುಂಬ ಇಲ್ಲ. ಮರಿಯಾನೊ 2009ರ ಜೂನ್‌ನಲ್ಲಿ ಕೊಲೋನ್‌ನಲ್ಲಿ ತೀರಿಕೊಂಡರು. 2020ರ ಜನವರಿಯಲ್ಲಿ ಡೌನರ್ ಹೋದರು, ಅದೇ ವರ್ಷ ಮಣಿಯವರೂ ಹೋದರು. ಊರೆಲ್ಲ ಕದ ಹಾಕಿಕೊಂಡಿದ್ದ ವರ್ಷ ಅದು. ಎಷ್ಟೋ ದೊಡ್ಡ ಸಾವುಗಳು ಸುದ್ದಿಯಾಗದೆ ಕಳೆದುಹೋದವು.

ಕುಂದಲಹಳ್ಳಿಯ ಅಪಾರ್ಟ್‌ಮೆಂಟುಗಳಲ್ಲಿ ಸಂಜೆಯಾದರೆ ಒಂದು ಮಹಡಿಯಲ್ಲಿ ಕೀಬೋರ್ಡ್ ಪಾಠ, ಇನ್ನೊಂದು ಮಹಡಿಯಲ್ಲಿ ಮೃದಂಗದ ಪಾಠ ನಡೆಯುತ್ತಿರುತ್ತದೆ. ಕೀಬೋರ್ಡಿನ ಮಕ್ಕಳು ಹೊರದೇಶದ ಪರೀಕ್ಷೆಯ ಗ್ರೇಡಿಗೆ ತಯಾರಾಗುತ್ತಾರೆ, ಮೃದಂಗದ ಮಕ್ಕಳು ಜೂನಿಯರ್ ಪರೀಕ್ಷೆಗೆ. ಒಂದು ಮಗುವಿಗೆ ಇನ್ನೊಂದರ ಪುಸ್ತಕ ಪರಕೀಯ. ಇವೆರಡೂ ಒಂದೇ ಕೋಣೆಯಲ್ಲಿ ಕೂರಬಹುದೆಂದು ತೋರಿಸಿದವರು ಇದೇ ಊರಿನವರು, ನಲವತ್ತು ವರ್ಷಗಳ ಹಿಂದೆ. ಅವರು ಬಿಟ್ಟುಹೋದ ಪಾಠ ಬೆರೆಸುವುದರ ಬಗ್ಗೆ ಅಲ್ಲವೇ ಅಲ್ಲ. ಮೊದಲು ಒಬ್ಬರ ಲೆಕ್ಕವನ್ನು ಇನ್ನೊಬ್ಬರು ಪೂರ್ತಿ ಕಲಿಯಬೇಕು. ಕೈಯಲ್ಲಿ ತಾಳ ಹಾಕುತ್ತ ಬಾಯಲ್ಲಿ ಸೊಲ್ಲು ಹೇಳಿ, ತಪ್ಪದೆ ಸಮಕ್ಕೆ ಬಂದ ಮೇಲೆ ವಾದ್ಯ ಮುಟ್ಟಬೇಕು. ಮಿಂಗಸ್ ಜೊತೆ ನುಡಿಸಿದ್ದ ಮರಿಯಾನೊ ಅದಕ್ಕೆ ಒಪ್ಪಿದರು. ಕಲಿಸಿದವರ ಹೆಸರುಗಳನ್ನು ಕನ್ನಡದಲ್ಲಿ ಬರೆದಿಡಲು ನಾವೂ ಈಗ ಒಪ್ಪಬೇಕು.